ಕೆಸರಿನ ಕೆಲಸಗಾರರು

ಮಾವಳಕೆರೆ ಗುನುಗಲು ಶುರುಮಾಡಿದಾಗ ಸಿಂಚನ ಇನ್ನೂ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಕೆರೆ ಎಂದಮೇಲೆ ಕಪ್ಪೆ ವಟಗುಟ್ಟುವುದು, ಜೊಂಡಿನೊಳಗೆ ಗಾಳಿ ಸುಯ್ಯೆನ್ನುವುದು ಇದ್ದದ್ದೇ. ಇದು ಅದಲ್ಲ. ತಳದ ಕಪ್ಪು ಕೆಸರಿನಲ್ಲಿ ಬದುಕುವ, ಕಣ್ಣಿಗೆ ಕಾಣದ ಜೀವಿಗಳು ಉಸಿರಾಡುವ ಸದ್ದು. ಅದನ್ನು ಮನುಷ್ಯರ ಕಿವಿಗೆ ಮುಟ್ಟಿಸಿದವರು ಡಾ. ನಿರ್ಮಲಾ ಶೇಟ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ.

ಆ ಕೆರೆಯ ಮೂಡಣ ದಂಡೆಯಲ್ಲಿ ಒಂದು ಕಾಲಕ್ಕೆ ನಲವತ್ತು ಶೆಡ್ಡುಗಳಿದ್ದವು. ಬೈಕಿನ ಹ್ಯಾಂಡಲ್ಲು, ನಲ್ಲಿಯ ತಿರುಪು, ಆಸ್ಪತ್ರೆ ಮಂಚದ ಕಾಲು, ಯಾವುದಕ್ಕೆ ಹೊಳಪು ಬೇಕೋ ಅದನ್ನೆಲ್ಲ ಅಲ್ಲಿ ಕ್ರೋಮಿಯಂ ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದರು. ತೊಳೆದ ನೀರು ಮೋರಿ ಹಿಡಿದು ಕೆರೆಗೆ ಇಳಿಯುತ್ತಿತ್ತು. ಇಪ್ಪತ್ತೈದು ವರ್ಷ ಹೀಗೆ ಇಳಿದು ಇಳಿದು ಕೆರೆ ತೆಳು ಅರಿಶಿನದ ಬಣ್ಣಕ್ಕೆ ತಿರುಗಿತು. ಕುಡಿದವರ ಹೊಟ್ಟೆ ಕೆಟ್ಟಿತು, ಮಿಂದವರ ಮೈಮೇಲೆ ಹುಣ್ಣೆದ್ದವು. ಕಡೆಗೆ ಶೆಡ್ಡುಗಳನ್ನು ಮುಚ್ಚಿಸಿದರು. ನೀರು ಮಾತ್ರ ಹಾಗೇ ಉಳಿಯಿತು.

ಡಾ. ಶೇಟ್ ಬಂದು ಕೆಸರನ್ನು ಪರೀಕ್ಷಿಸಿದಾಗ ಅಲ್ಲೊಂದು ಜಾತಿಯ ಬ್ಯಾಕ್ಟೀರಿಯಾ ಕಂಡಿತು. ನಾವು ಉಂಡದ್ದನ್ನು ಅರಗಿಸಲು ಗಾಳಿ ಬೇಕು. ಗಾಳಿಯೇ ಇಲ್ಲದ ಕೆಸರಿನಲ್ಲಿ ಈ ಜೀವಿಗಳು ಕೊಳೆತ ಎಲೆ ತಿಂದು, ಆಮ್ಲಜನಕದ ಬದಲು ಲೋಹವನ್ನೇ ಉಸಿರಾಡುತ್ತವೆ. ತಿಂದಾಗ ಮೈಯಲ್ಲಿ ಉಳಿಯುವ ಎಲೆಕ್ಟ್ರಾನುಗಳ ಹೊರೆಯನ್ನು ಕ್ರೋಮಿಯಂ ಹೆಗಲಿಗೆ ದಾಟಿಸುತ್ತವೆ. ಹೊರೆ ಹೊತ್ತ ಕ್ರೋಮಿಯಂ ವಿಷ ಕಳೆದುಕೊಂಡು, ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ. ಶೇಟ್ ಅವರು ಅವುಗಳಲ್ಲಿ ಗಟ್ಟಿಮುಟ್ಟಾದವನ್ನು ಆರಿಸಿ, ಬೆಳೆಸಿ, ಕೆರೆಯ ತುಂಬ ಬಿತ್ತಿದರು. ಕೆಲಸ ಎಷ್ಟು ನಡೆದಿದೆ ಎಂದು ತಿಳಿಯಲು ಹನ್ನೆರಡು ಇಂಗಾಲದ ಕಡ್ಡಿಗಳನ್ನು ಕೆಸರಿಗೆ ನೆಟ್ಟರು. ಜೀವಿಗಳು ಹೊರೆ ದಾಟಿಸುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತಿನ ಮಿಡಿತವನ್ನು ಆ ಕಡ್ಡಿಗಳು ಹಿಡಿಯುತ್ತಿದ್ದವು. ದಂಡೆಯ ಮೇಲಿನ ಆಲಿಕೆ ಕೇಂದ್ರದ ಯಂತ್ರ ಅದನ್ನು ಸ್ವರವಾಗಿಸುತ್ತಿತ್ತು.

ಸ್ವರವೇ ಯಾಕೆ ಎಂದು ಅಧಿಕಾರಿಯೊಬ್ಬರು ಕೇಳಿದ್ದರಂತೆ. ಅಂಕಿ ಬರೆದ ಬೋರ್ಡನ್ನು ಯಾರೂ ಓದುವುದಿಲ್ಲ, ಕಿವಿ ಎಲ್ಲರಿಗೂ ಇದೆ ಎಂದು ಶೇಟ್ ಉತ್ತರಿಸಿದ್ದರು. ಕೆರೆಯ ಪಕ್ಕದ ಕಾರ್ಮಿಕ ಕಾಲೊನಿಯಲ್ಲಿ ಮುನ್ನೂರು ಮನೆ. ಮನೆಗೊಂದು ಸಣ್ಣ ಪೆಟ್ಟಿಗೆ ಕೊಟ್ಟರು. ಸ್ವರ ಏರಿದರೆ ವಿಷ ಹೆಚ್ಚು, ಇಳಿದರೆ ಕಡಿಮೆ. ಇಷ್ಟು ತಿಳಿದರೆ ಸಾಕಿತ್ತು.

ಮೊದಮೊದಲು ಜನ ಅದನ್ನು ಕಾಟವೆಂದುಕೊಂಡರು. ಆಮೇಲೆ ಮರೆತರು. ಅದಾದ ಮೇಲೆ, ಯಾವಾಗ ಎಂದು ಯಾರಿಗೂ ಗೊತ್ತಾಗದ ಹಾಗೆ, ಅದು ಅವರದಾಯಿತು. ಬಟ್ಟೆ ಹೊಲಿಯುವ ಹೆಂಗಸರ ಕಾಲು ಅದರ ಲಯಕ್ಕೆ ಮೆಷಿನ್ನು ತುಳಿಯತೊಡಗಿತು. ಕೂಸುಗಳು ಅದನ್ನು ಕೇಳುತ್ತ ಕಣ್ಣು ಮುಚ್ಚುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಕೆಸರು ಕಾದಾಗ ಗುನುಗು ಚುರುಕಾಗುತ್ತಿತ್ತು, ಮಾಗಿಯ ಚಳಿಯಲ್ಲಿ ಅರೆನಿದ್ದೆಯವರ ಉಸಿರಿನಂತೆ ನಿಧಾನವಾಗುತ್ತಿತ್ತು. ಮಸೀದಿಯ ಬಾಂಗ್ ಮುಗಿದ ಮೇಲಿನ ಒಂದು ಗಳಿಗೆಯ ಮೌನದಲ್ಲಿ ಮುನ್ನೂರು ಮನೆಗಳಿಂದಲೂ ಒಟ್ಟಿಗೆ ಕೇಳುತ್ತಿತ್ತು. ಆಗ ಬೀದಿಯೇ ನೀರಿನ ತಳದಲ್ಲಿದೆಯೇನೋ ಅನ್ನಿಸುತ್ತಿತ್ತು. ಹೆಣ್ಣು ನೋಡಲು ಬಂದ ನೆಂಟರು ನಿಮ್ಮ ಗೋಡೆಯೊಳಗೆ ಜೇನು ಕಟ್ಟಿದೆಯೇ ಎಂದು ಕೇಳಿದ್ದುಂಟು.

ಓದು ಮುಗಿಸಿದ ಸಿಂಚನ ಅದೇ ಆಲಿಕೆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಕೇಂದ್ರದ ಹಿಂದೆಯೇ ಎರಡು ಕೋಣೆಯ ವಸತಿಗೃಹ. ತಾಯಿ ತೀರಿಕೊಂಡ ಮೇಲೆ ತಂದೆ ಮೂಡಲಗಿರಿಯಪ್ಪನನ್ನೂ ಅಲ್ಲಿಗೆ ಕರೆತಂದಳು. ದಿನವಿಡೀ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೆರೆ ಕೇಳುತ್ತಿದ್ದವಳಿಗೆ ಆಗಾಗ ಒಂದೇ ಕನಸು ಬೀಳುತ್ತಿತ್ತು. ಕೆಸರಿನೊಳಗೊಂದು ಊರು. ಅಲ್ಲಿ ಬೆಳಕು ಎಲ್ಲಿಂದ ಬರುತ್ತದೆಂದು ತಿಳಿಯದು. ಸಣ್ಣ ಸಣ್ಣ ಆಕಾರಗಳು ತಲೆಯ ಮೇಲೆ ಮಂಕರಿ ಹೊತ್ತು ಸಾಲಾಗಿ ಹೋಗುತ್ತಿವೆ. ಯಾವುದೂ ಅವಳ ಕಡೆ ತಿರುಗಿ ನೋಡುವುದಿಲ್ಲ. ಎದ್ದಮೇಲೂ ಒಂದು ಗಂಟೆ ಮನಸ್ಸು ಅಲ್ಲೇ ನಡೆಯುತ್ತಿರುತ್ತಿತ್ತು. ಒಮ್ಮೆ ಕಾಫಿ ಕುಡಿಯುತ್ತ ಅಪ್ಪನಿಗೆ ಇದನ್ನು ಹೇಳಿದಳು. ಅವನು ನಗಲಿಲ್ಲ. ಮಂಕರಿ ತುಂಬಿತ್ತೋ ಖಾಲಿಯಿತ್ತೋ ಎಂದು ಕೇಳಿದ.

ಮೂಡಲಗಿರಿಯಪ್ಪ ಆ ನಲವತ್ತು ಶೆಡ್ಡುಗಳಲ್ಲೊಂದರಲ್ಲಿ ಹತ್ತೊಂಬತ್ತು ವರ್ಷ ತೊಟ್ಟಿಯ ಮುಂದೆ ನಿಂತವನು. ಕ್ರೋಮಿಕ್ ಆಮ್ಲದ ಹಬೆ ಅವನ ಮೂಗಿನ ನಡುವಿನ ಗೋಡೆಯನ್ನು ತಿಂದು ತೂತು ಮಾಡಿತ್ತು. ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಬೆರಳ ಸಂದಿಗಳಲ್ಲಿ ಸೌತೆಬೀಜದಷ್ಟಗಲದ ಹಳೆಯ ಗುಳಿಗಳಿದ್ದವು. ಶೆಡ್ಡು ಮುಚ್ಚಿದ ದಿನ ಮಾಲೀಕ ಊಟದ ಹೊತ್ತಿಗೆ ಬಂದು, ಕೈ ತೊಳೆದುಕೊಂಡು ಹೊರಡಿ ಎಂದಷ್ಟೇ ಹೇಳಿದ್ದನಂತೆ. ಮಗಳ ಮನೆಗೆ ಬಂದಮೇಲೆ ಅವನಿಗೆ ಕೆಲಸವೆಂದರೆ ಬೆಳಗಾಗುತ್ತಲೇ ಪೆಟ್ಟಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಏರಿಯ ಮೇಲೆ ನಡೆಯುವುದು. ನೀರು ಹೇಗೆ ದಿನೇ ದಿನೇ ತಿಳಿಯಾಗುತ್ತಿದೆ ಎಂದು ಬಂದು ಹೇಳುತ್ತಿದ್ದ. ಅವನ ಕಣ್ಣಂದಾಜಿಗೂ ಯಂತ್ರದ ಅಂಕಿಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ.

ಹನ್ನೊಂದನೆಯ ವರ್ಷ ಕೆರೆಯ ದನಿ ಉಡುಗತೊಡಗಿತು. ಲೋಹ ತೀರುತ್ತ ಬಂದಿತ್ತು. ಗುನುಗು ಎಷ್ಟು ತಗ್ಗಿತ್ತೆಂದರೆ ಫ್ಯಾನು ಆರಿಸಿದರೆ ಮಾತ್ರ ಕೇಳುತ್ತಿತ್ತು. ಹನ್ನೆರಡು ಕಡ್ಡಿಗಳಲ್ಲಿ ಒಂದೂ ಮಿತಿಯ ಗೆರೆ ದಾಟದೆ ಮೂವತ್ತು ದಿನ ಕಳೆದರೆ ಕೆರೆಯ ನೀರನ್ನು ಕಾಲೊನಿಯ ನಲ್ಲಿಗೆ ಬಿಡಬಹುದೆಂದು ನಿಯಮವಿತ್ತು. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ಬರುವ ಟ್ಯಾಂಕರೇ ಗತಿ. ಟ್ಯಾಂಕರಿನ ಸಾಲು ನೋಡಿಕೊಳ್ಳುತ್ತಿದ್ದವಳು ಶಾಹಿನ್‌ತಾಜ್ ಎಂಬ ಐವತ್ತರ ಹೆಂಗಸು. ಅವಳ ಗಂಡನೂ ಶೆಡ್ಡಿನಲ್ಲಿ ದುಡಿದು, ಪುಪ್ಪುಸದ ಕಾಯಿಲೆಯಲ್ಲಿ ಹೋದವನು. ಅವಳು ತನ್ನ ಮನೆಯ ಗೋಡೆಯ ಮೇಲೆ ದಿನಕ್ಕೊಂದು ಸೀಮೆಸುಣ್ಣದ ಗೀಟು ಎಳೆಯಲು ಶುರುಮಾಡಿದಳು.

ಇಪ್ಪತ್ತಮೂರು ಗೀಟಾಗಿದ್ದಾಗ ಒಂದು ಬೆಳಿಗ್ಗೆ ಸ್ವರ ಏರಿತು. ಹೆಚ್ಚೇನಲ್ಲ, ಮಲಗಿದವರು ಮಗ್ಗಲು ಬದಲಿಸಿದಷ್ಟು. ಆದರೆ ಗೆರೆ ದಾಟಿತ್ತು. ನಿಯಮದಂತೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬೇಕು. ಶಾಹಿನ್‌ತಾಜ್ ಗೋಡೆ ಒರೆಸಿದಳು. ಎರಡನೆಯ ಸಲ ಹದಿನೇಳಕ್ಕೆ ತಪ್ಪಿತು. ಮೂರನೆಯ ಸಲ ಇಪ್ಪತ್ತಾರರವರೆಗೆ ಹೋಗಿತ್ತು. ಜನ ಹಂಡೆ ತೊಳೆದು, ನಲ್ಲಿಯ ಕೆಳಗೆ ಕಲ್ಲು ಹಾಸಿ ಕಾಯುತ್ತಿದ್ದರು. ಅಂದೂ ಸ್ವರ ಏರಿತು.

ಡಾ. ಶೇಟ್ ದೂರದ ತಮ್ಮ ಪ್ರಯೋಗಾಲಯದಿಂದ ಪರದೆಯ ಮೇಲೆ ಬಂದು, ನಾಲ್ಕನೆಯ ಕಡ್ಡಿ ಹಾಳಾಗಿರಬಹುದು ಎಂದರು. ಕಡ್ಡಿ ಬದಲಿಸಿದ್ದಾಯಿತು. ಹೊಸ ಕಡ್ಡಿಯೂ ಅದನ್ನೇ ಹೇಳಿತು. ಅಷ್ಟರಲ್ಲಿ ಮೇಲಿನಿಂದ ಪತ್ರ ಬಂತು. ಇನ್ನೊಮ್ಮೆ ತಪ್ಪಿದರೆ ಈ ಕೆರೆಯನ್ನು ಕುಡಿಯುವ ನೀರಿನ ಪಟ್ಟಿಯಿಂದಲೇ ತೆಗೆಯಲಾಗುವುದು ಎಂದು ಅದರಲ್ಲಿತ್ತು. ಶಾಹಿನ್‌ತಾಜ್ ಕೇಂದ್ರಕ್ಕೆ ಬಂದು, ಬಾಗಿಲಲ್ಲೇ ನಿಂತು, ಯಂತ್ರಕ್ಕೆ ಕಾಯಿಲೆಯೋ ಕೆರೆಗೆ ಕಾಯಿಲೆಯೋ ಎಂದು ಮೆಲ್ಲಗೆ ಕೇಳಿದಳು. ಗೊತ್ತಿಲ್ಲ ಎಂದು ಹೇಳಲು ಸಿಂಚನಳಿಗೆ ನಾಚಿಕೆಯಾಯಿತು.

ಆ ಮಧ್ಯಾಹ್ನ ಅವಳು ಮೂರು ತಿಂಗಳ ನಕ್ಷೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕುಳಿತಳು. ಗೆರೆ ದಾಟಿದ ದಿನಗಳನ್ನಷ್ಟೇ ಅಲ್ಲ, ದಾಟದ ದಿನಗಳನ್ನೂ ನೋಡಿದಳು. ಆಗ ಕಂಡಿತು. ಮೊದಲ ಏರಿಕೆಯಿಂದೀಚೆಗೆ ಹೆಚ್ಚುಕಡಿಮೆ ಪ್ರತಿದಿನವೂ ಬೆಳಗಿನ ಆರೂಕಾಲಿನಿಂದ ಆರೂವರೆಯೊಳಗೆ ನಾಲ್ಕನೆಯ ಕಡ್ಡಿಯ ಬಳಿ ಒಂದು ಪುಟ್ಟ ಉಬ್ಬು. ಗಂಟೆ ಕಳೆದಮೇಲೆ ಅದೇ ಉಬ್ಬು ಮೂರು ಮತ್ತು ಐದನೆಯ ಕಡ್ಡಿಗಳಿಗೆ ಹರಡುತ್ತದೆ. ಗಾಳಿ ನಿಂತು ನೀರು ಅಲ್ಲಾಡದ ದಿನ ಮಾತ್ರ ಅದು ಒಂದೇ ಕಡೆ ನಿಂತು ಗೆರೆ ದಾಟುತ್ತದೆ. ಕಾಯಿಲೆ ಯಂತ್ರದ್ದೂ ಅಲ್ಲ, ಕೆರೆಯದ್ದೂ ಅಲ್ಲ. ಯಾರೋ ದಿನವೂ ತಂದು ಸುರಿಯುತ್ತಿದ್ದಾರೆ.

ನಕ್ಷೆಯಲ್ಲಿ ಉಬ್ಬೇ ಇಲ್ಲದ ಮೂರು ದಿನಗಳಿದ್ದವು. ಹೋದ ತಿಂಗಳ ಎಂಟು, ಒಂಬತ್ತು, ಹತ್ತು. ಆ ದಿನಾಂಕಗಳು ಅವಳಿಗೆ ನೆನಪಿದ್ದವು. ಆ ಮೂರು ದಿನ ಅಪ್ಪನಿಗೆ ಜ್ವರ. ಅವಳೇ ಗಂಜಿ ಕಾಯಿಸಿ ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಅವಳು ಅವನ ಹಿಂದೆ ನಡೆದಳು. ಕೆರೆಯ ಮೇಲೆ ಮಂಜು ಹಾಲಿನ ಕೆನೆಯಂತೆ ನಿಂತಿತ್ತು. ಮೂಡಲಗಿರಿಯಪ್ಪ ಮೆಟ್ಟಿಲಿಳಿದು, ನಾಲ್ಕನೆಯ ಕಡ್ಡಿಯ ಹತ್ತಿರದ ನೀರೆತ್ತುವ ಕೊಳವೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಜೇಬಿನಿಂದ ಔಷಧದ ಗಾಜಿನ ಸೀಸೆ ತೆಗೆದ. ಒಳಗಿದ್ದದ್ದು ಕಿತ್ತಳೆ ಬಣ್ಣದ ನೀರು. ಅದನ್ನು ಒಮ್ಮೆಲೇ ಸುರಿಯಲಿಲ್ಲ, ಹಸುಗೂಸಿಗೆ ಒಳಲೆಯಲ್ಲಿ ಹಾಲು ಬಿಡುವ ಹಾಗೆ ತೊಟ್ಟು ತೊಟ್ಟಾಗಿ ಬಿಟ್ಟ. ಆಮೇಲೆ ಪೆಟ್ಟಿಗೆಯನ್ನು ಕಿವಿಗೆ ಹಚ್ಚಿಕೊಂಡು ಕಾದ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯಲ್ಲಿ ಗುನುಗು ಎದ್ದದ್ದು ಮೆಟ್ಟಿಲ ಮೇಲೆ ನಿಂತ ಅವಳಿಗೂ ಕೇಳಿಸಿತು.

"ಅಪ್ಪಾ," ಎಂದಳು.

ಅವನು ಬೆಚ್ಚಲಿಲ್ಲ. ಸೀಸೆಗೆ ಬಿರಡೆ ಹಾಕಿ, ಪಕ್ಕದ ಕಲ್ಲಿನ ಮೇಲಿದ್ದ ಇಬ್ಬನಿ ಒರೆಸಿ, ಕೂತ್ಕೋ ಎಂಬಂತೆ ಕೈ ತೋರಿದ. ಅವಳು ಕೂರಲಿಲ್ಲ. ಇದು ಏನೆಂದು ನಿನಗೆ ಗೊತ್ತಿಲ್ಲವೇ, ಹತ್ತೊಂಬತ್ತು ವರ್ಷ ಇದರಲ್ಲೇ ಕೈಯಿಟ್ಟವನಲ್ಲವೇ ಎಂದು ಕೇಳಿದಳು. ಅವನು ನೀರನ್ನೇ ನೋಡುತ್ತಿದ್ದ.

"ಹನ್ನೊಂದು ವರ್ಷ ನಮ್ಮ ಗಲೀಜು ತಿಂದ್ವು ಕಣವ್ವ ಅವು," ಎಂದ. "ಒಂದು ದಿನ ರಜ ಕೇಳ್ಲಿಲ್ಲ. ಈಗ ಕೆಲ್ಸ ಮುಗೀತು ಅಂತ ಉಪಾಸ ಕೆಡವಿ ಸಾಯ್ಸೋದಾ? ಹಂಗೆ ಕೈ ತೊಳ್ಕೊಂಡು ಹೋಗಿ ಅಂದ್ರೆ ಎಲ್ಲಿಗೋಗ್ತವೆ?"

"ಅದಕ್ಕೆ ವಿಷ ಹಾಕ್ತೀಯಾ? ಇದೇ ಕೊಳವೇಲಿ ಕಾಲೊನಿಗೆ ನೀರು ಹೋಗೋದು."

"ಒಂದು ತೊಟ್ಟು. ಅವು ತಿಂದುಬಿಡ್ತವೆ, ಕೊಳವೆಗೆ ಬಿಡಲ್ಲ ಅಂದ್ಕಂಡಿದ್ದೆ. ಎಲ್ಡು ದಿನ ಅವುಗಳ ಸದ್ದೇ ಇರ್ಲಿಲ್ಲವ್ವ. ಎದೆ ಹಿಂಡ್ದಂಗಾಯ್ತು."

ಅವಳಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಅವು ಹಾಗೆಲ್ಲ ಸಾಯುವುದಿಲ್ಲ, ಬಹಳಷ್ಟು ಮುದುರಿಕೊಂಡು ನಿದ್ದೆಹೋಗುತ್ತವೆ, ಕೆಸರಿನ ಕಬ್ಬಿಣವನ್ನೇ ಉಸಿರಾಡಿ ಹೇಗೋ ಜೀವ ಹಿಡಿಯುತ್ತವೆ ಎಂದು ಬಿಡಿಸಿ ಹೇಳಿದಳು. ಅವನು ತಲೆದೂಗುತ್ತ ಕೇಳಿದ. ಮೊದಲೇ ಇದನ್ನು ಅವನಿಗೆ ಯಾಕೆ ಹೇಳಲಿಲ್ಲ ಎಂದು ಅವಳಿಗೇ ಅನ್ನಿಸಿತು. ಕನಸನ್ನು ಹೇಳಿದ್ದಳು, ವಿಜ್ಞಾನವನ್ನು ಹೇಳಿರಲಿಲ್ಲ.

ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು. ಶೆಡ್ಡುಗಳು ಮುಚ್ಚಿ ಇಷ್ಟು ವರ್ಷವಾಯಿತು, ಈ ಸೀಸೆಯಲ್ಲಿರುವುದು ಬಂದದ್ದೆಲ್ಲಿಂದ?

ಮೂಡಲಗಿರಿಯಪ್ಪ ಸೀಸೆಯನ್ನು ಜೇಬಿಗಿಟ್ಟುಕೊಂಡು ಹೇಳಿದ. ಶೆಡ್ಡು ಮುಚ್ಚುವ ವಾರ ಮಾಲೀಕನ ಮಾತಿನಂತೆ ಅವನೂ ಇನ್ನು ಮೂವರೂ ಸೇರಿ ಹಿತ್ತಲಲ್ಲಿ ಗುಂಡಿ ತೋಡಿ ಇಪ್ಪತ್ತೆರಡು ಡ್ರಮ್ಮು ಹೂತಿದ್ದರು. ತಪಾಸಣೆಗೆ ಬಂದವರಿಗೆ ತಿಳಿಯದಿರಲೆಂದು ಮೇಲೆ ಮಣ್ಣು ಹೊಡೆಸಿ ಹುಲ್ಲು ಬಿತ್ತಿದ್ದರು. ಆ ಮೂವರೂ ಈಗಿಲ್ಲ. ಅಂಚಿನ ಡ್ರಮ್ಮೊಂದರ ಬಾಯನ್ನು ಎರಡು ತಿಂಗಳ ಹಿಂದೆ ಅವನೇ ಅಗೆದು ತೆರೆದಿದ್ದ. ಆ ಹಿತ್ತಲಲ್ಲಿ ಈಗ ಕಾಲೊನಿಯ ಮಕ್ಕಳು ಕ್ರಿಕೆಟ್ ಆಡುತ್ತಾರೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಯಾರ್ಗೂ ಹೇಳ್ಬೇಡಿ ಅಂತ ಆಣೆ ಹಾಕ್ಸಿದ್ರು," ಎಂದ. "ಹಾಕ್ಸ್ದೋನು ಊರು ಬಿಟ್ಟು ಹೋದ. ಆಣೆ ನನ್ನತ್ರನೇ ಉಳ್ಕಂತು."

ಸಿಂಚನ ಕೇಂದ್ರಕ್ಕೆ ಬಂದು ಯಂತ್ರದ ಮುಂದೆ ಕುಳಿತಳು. ಅಂದಿನ ಏರಿಕೆಯ ವರದಿ ಕಳಿಸಬೇಕಿತ್ತು. ಪರದೆಯಲ್ಲಿ 'ಕಾರಣ' ಎಂಬ ಕಡೆ ಒತ್ತಿದರೆ ಪಟ್ಟಿಯೊಂದು ತೆರೆಯುತ್ತದೆ. ಅದರಲ್ಲಿ ಮೊದಲನೆಯದೇ 'ಉಪಕರಣ ದೋಷ'. ಅದನ್ನು ಆರಿಸಿದರೆ ಯಾರೂ ಮರುಮಾತಾಡುವುದಿಲ್ಲ. ಅಪ್ಪ ನಾಳೆಯಿಂದ ಸುರಿಯುವುದಿಲ್ಲ, ಮೂವತ್ತು ದಿನ ಕಳೆಯುತ್ತದೆ, ನಲ್ಲಿ ಬರುತ್ತದೆ. ಡ್ರಮ್ಮುಗಳು? ಅವುಗಳ ಬಗ್ಗೆ ಹೆಸರಿಲ್ಲದ ಕಾಗದ ಬರೆದು ಹಾಕಬಹುದು. ಕಿವಿಯಲ್ಲಿ ಕೆರೆ ತಣ್ಣಗೆ ಗುನುಗುತ್ತಿತ್ತು. ಬೆರಳು ಆ ಎರಡು ಪದಗಳ ಮೇಲೆ ಎಷ್ಟು ಹೊತ್ತು ನಿಂತಿತ್ತೋ ಅವಳಿಗೆ ತಿಳಿಯದು. ಹೊರಗೆ ಟ್ಯಾಂಕರಿನ ಹಾರ್ನು ಕೇಳಿದಾಗ ಹೆಡ್‌ಫೋನು ತೆಗೆದಿಟ್ಟು ಮನೆಗೆ ಹೋದಳು. ಅಪ್ಪ ಮನೆಯಲ್ಲಿರಲಿಲ್ಲ.

ಅವನು ಟ್ಯಾಂಕರಿನ ಬಳಿ ನಿಂತಿದ್ದ. ನಲವತ್ತು ಐವತ್ತು ಹೆಂಗಸರ ಸಾಲು ಅವನತ್ತ ನೋಡುತ್ತಿತ್ತು. ಸಿಂಚನ ಓಡಿಬರುವಷ್ಟರಲ್ಲಿ ಅವನು ಎಲ್ಲವನ್ನೂ ಹೇಳಿ ಮುಗಿಸಿದ್ದ. ಸೀಸೆ, ಡ್ರಮ್ಮು, ಗುಂಡಿ, ಆಟದ ಬಯಲು, ಎಲ್ಲವನ್ನೂ. ಯಾರೋ ಒಬ್ಬಳು ಕೈಲಿದ್ದ ಕೊಡ ಕೆಳಗಿಟ್ಟು ಮಗನನ್ನು ಹುಡುಕಿಕೊಂಡು ಬಯಲ ಕಡೆ ಓಡಿದಳು. ಇನ್ನೊಬ್ಬಳು ಅವನ ಮುಖದ ಹತ್ತಿರ ಬಂದು, ತನ್ನ ಖಾಲಿ ಕೊಡವನ್ನು ಅವನ ಕಾಲ ಬಳಿ ಕುಕ್ಕಿ ಹಿಂದೆ ಸರಿದಳು. ಶಾಹಿನ್‌ತಾಜ್ ಮಾತ್ರ ಕದಲದೆ ನಿಂತಿದ್ದಳು.

"ಗಿರಿಯಣ್ಣ, ನೀನು ಎಲ್ಲಿ ನೀರು ಕುಡೀತೀಯ?" ಎಂದು ಕೇಳಿದಳು.

ಕೇಂದ್ರದ ವಸತಿಗೃಹಕ್ಕೆ ಶುದ್ಧೀಕರಣ ಯಂತ್ರವಿತ್ತು. ಅವನು ಹಾಗೆಂದ.

ಅವಳು ಒಂದು ಖಾಲಿ ಕೊಡ ತೆಗೆದು ಅವನ ಕೈಗಿಟ್ಟಳು. "ಇವತ್ತಿಂದ ಇಲ್ಲಿ ನಿಂತ್ಕೋ. ನಮ್ಗೆ ನಲ್ಲಿ ಬರೋತನಕ ಇದೇ ನೀರು ನಿಂಗೂ. ಕಡೇಲಿ ನಿಂತ್ಕೋ."

ಅವನು ಸಾಲಿನ ಕಡೆಯಲ್ಲಿ ಹೋಗಿ ನಿಂತ. ಸಿಂಚನ ಕೇಂದ್ರಕ್ಕೆ ಹಿಂದಿರುಗಿ, ಪಟ್ಟಿಯಲ್ಲಿ ಯಾವುದನ್ನೂ ಆರಿಸದೆ, ಕೆಳಗಿನ ಖಾಲಿ ಜಾಗದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಳು. ತನ್ನ ತಂದೆಯ ಹೆಸರನ್ನೂ ಬರೆದಳು.

ಅದಾದ ಮೇಲಿನ ದಿನಗಳು ಗಡಿಬಿಡಿಯವು. ಬಯಲಿಗೆ ತಂತಿಬೇಲಿ ಹಾಕಿದರು. ಆಟವಾಡುತ್ತಿದ್ದ ಮಕ್ಕಳ ರಕ್ತ ಪರೀಕ್ಷೆಯಾಯಿತು. ನಾಲ್ವರ ಅಂಗಾಲಲ್ಲಿ ಹುಣ್ಣಿದ್ದವು, ಸದ್ಯ ಅದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಅಗೆದಾಗ ಇಪ್ಪತ್ತೆರಡು ಡ್ರಮ್ಮುಗಳಲ್ಲಿ ಹದಿನಾಲ್ಕು ತುಕ್ಕು ಹಿಡಿದು ಸೋರಿದ್ದವು. ಇನ್ನೆರಡು ಮಳೆಗಾಲ ಕಳೆದಿದ್ದರೆ ಆ ಸೋರಿಕೆ ನೆಲದೊಳಗಿನಿಂದಲೇ ಹರಿದು ಕೆರೆ ಸೇರುತ್ತಿತ್ತೆಂದು ತಜ್ಞರು ಹೇಳಿದರು. ಮೂಡಲಗಿರಿಯಪ್ಪನನ್ನು ಮೂರು ದಿನ ಕೂರಿಸಿಕೊಂಡು ಹೇಳಿಕೆ ಪಡೆದರು. ಮೊಕದ್ದಮೆಯಲ್ಲಿ ಅವನು ಆರೋಪಿಯೂ ಹೌದು, ಸಾಕ್ಷಿಯೂ ಹೌದು. ಮಾಲೀಕನನ್ನು ಹುಡುಕುವ ಕೆಲಸ ನಡೆಯುತ್ತಲೇ ಇತ್ತು. ಸಿಂಚನಳಿಗೆ ಒಂದು ನೋಟೀಸು ಬಂತು, ಕೆಲಸ ಉಳಿಯಿತು. ತಪ್ಪು ಕೆರೆಯದಲ್ಲವೆಂದು ತಿಳಿದದ್ದರಿಂದ ಪಟ್ಟಿಯಿಂದ ತೆಗೆಯುವ ಮಾತು ಬಿಟ್ಟು, ಮೂವತ್ತು ದಿನದ ಲೆಕ್ಕವನ್ನು ಮತ್ತೊಮ್ಮೆ ಶುರುಮಾಡಲು ಮೇಲಿನವರು ಒಪ್ಪಿದರು.

ಟ್ಯಾಂಕರು ಬಂದ ದಿನವೆಲ್ಲ ಅವನು ಸಾಲಿನ ಕಡೆಯಲ್ಲಿ ನಿಲ್ಲುತ್ತಿದ್ದ. ಕೆಲವು ದಿನ ಅವನ ಸರದಿ ಬರುವಷ್ಟರಲ್ಲಿ ನೀರು ಮುಗಿದಿರುತ್ತಿತ್ತು. ಅಂಥ ದಿನ ಮಗಳೂ ಮನೆಯ ಯಂತ್ರದ ನೀರು ಮುಟ್ಟುತ್ತಿರಲಿಲ್ಲ. ಇಬ್ಬರೂ ಹಿಂದಿನ ಸಲದ ಉಳಿಕೆಯಲ್ಲೇ ಮುದ್ದೆ ತೊಳಸಿಕೊಂಡು ಉಣ್ಣುತ್ತಿದ್ದರು. ಮೊದಲ ವಾರ ಯಾರೂ ಅವನೊಡನೆ ಮಾತಾಡಲಿಲ್ಲ. ಎರಡನೆಯ ವಾರ ಮುದುಕಿಯೊಬ್ಬಳು ತನ್ನ ಕೊಡ ಹೊತ್ತುಕೊಡಲು ಹೇಳಿದಳು. ಆಮೇಲೆ ಟ್ಯಾಂಕರು ಬಂದಾಗಲೆಲ್ಲ ಹತ್ತು ಕೊಡ ಹೊರುವುದು ಅವನ ಪಾಲಿಗೆ ಬಂತು.

ಡ್ರಮ್ಮು ತೆಗೆದ ಗುಂಡಿಯ ತಳದಲ್ಲಿ ಒರತೆಯೆದ್ದು ನಿಂತ ನೀರು ಸೇವಂತಿಗೆಯ ಹಳದಿ. ಅಗೆದು ಸಾಗಿಸಲಾಗದಷ್ಟು ಆಳಕ್ಕೆ ವಿಷ ಇಳಿದಿತ್ತು. ನಮ್ಮ ಕೆರೆಯ ಕೆಸರನ್ನೇ ತಂದು ಇಲ್ಲಿ ಬಿಟ್ಟರೆ ಹೇಗೆ ಎಂದು ಸಿಂಚನ ಡಾ. ಶೇಟ್ ಅವರನ್ನು ಕೇಳಿದಳು. ಪರದೆಯ ಮೇಲೆ ಶೇಟ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕೆರೆಗಿಂತ ನೂರು ಪಾಲು ಗಟ್ಟಿ ವಿಷ ಅದು, ಮೇಲಿಂದ ಆಮ್ಲದ ಹುಳಿ ಬೇರೆ. ನಿದ್ದೆಯಲ್ಲಿರುವವನ್ನು ಎಬ್ಬಿಸಿ ಬೆಂಕಿಗೆ ಹಾಕಿದ ಹಾಗೆ ಆದೀತು. ಆದರೂ ಮಾಡಿ ನೋಡುವ. ಮೊದಲು ಸುಣ್ಣ ಹಾಕಿ ಹುಳಿ ಮುರಿಯಿರಿ."

ಗಾಳಿಯಾಡದಂತೆ ಮುಚ್ಚಳ ಬಿಗಿದ ಕ್ಯಾನುಗಳಲ್ಲಿ ಕೆಸರು ಹೊತ್ತವನು ಮೂಡಲಗಿರಿಯಪ್ಪ. ಕೈಗೆ ಗವಸು, ಮೂಗಿಗೆ ಮುಸುಕು ಹಾಕಿಸಿದ್ದರು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೊಡದಿದ್ದ ಗವಸನ್ನು ಅವನು ಬಹಳ ಹೊತ್ತು ತಿರುಗಿಸಿ ನೋಡಿ ತೊಟ್ಟ. ಸುಣ್ಣ ಕಲಸಿ ಬಿಟ್ಟ, ಕೆಸರು ಇಳಿಸಿದ, ಅವುಗಳ ಊಟಕ್ಕೆಂದು ತಿಳಿಯಾದ ಬೆಲ್ಲದ ನೀರು ಹೊಯ್ದ. ಗುಂಡಿಯಲ್ಲಿ ಎರಡು ಕಡ್ಡಿ ನೆಟ್ಟು ತಂತಿಯನ್ನು ಒಂದು ಪೆಟ್ಟಿಗೆಗೆ ಜೋಡಿಸಿದರು.

ಕೆರೆ ಅತ್ತ ಪೂರ್ತಿ ಮೌನವಾಗುತ್ತಿತ್ತು. ಹನ್ನೆರಡು ಕಡ್ಡಿಗಳ ಗೆರೆಗಳೂ ಒಂದೊಂದಾಗಿ ನೆಲ ಕಚ್ಚಿದವು. ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತೊಂಬತ್ತು ಗೀಟಾದವು. ಕಾಲೊನಿಯ ಮನೆಗಳಲ್ಲಿ ಏನೋ ಕಳೆದುಹೋದಂತೆ ಜನ ಸುಮ್ಮಸುಮ್ಮನೆ ಎದ್ದು ಬಾಗಿಲಿಗೆ ಬರುತ್ತಿದ್ದರು. ಕೂಸುಗಳು ರಚ್ಚೆ ಹಿಡಿದವು. ಹೊಲಿಯುವವರ ಹೊಲಿಗೆ ಸೊಟ್ಟಗಾಯಿತು. ಪೆಟ್ಟಿಗೆಗಳನ್ನು ವಾಪಸು ಪಡೆಯಲು ಬಂದವರಿಗೆ ಶಾಹಿನ್‌ತಾಜ್ ತನ್ನದನ್ನು ಕೊಡಲಿಲ್ಲ. ಸದ್ದಿಲ್ಲದ ಪೆಟ್ಟಿಗೆ ಯಾಕೆ ಎಂದರೆ, ಸದ್ದಿಲ್ಲ ಎಂದು ಹೇಳಲಾದರೂ ಒಂದು ಬೇಕಲ್ಲ ಎಂದಳು. ಸಿಂಚನಳ ಕನಸೂ ನಿಂತಿತು. ಮೂವತ್ತನೆಯ ದಿನ ಅವಳು ಕಾಗದಕ್ಕೆ ಸಹಿ ಹಾಕಿದಳು. ಮುನ್ನೂರು ಮನೆಯ ನಲ್ಲಿಗಳು ಮೊದಲು ಗಾಳಿ ಉಗುಳಿ, ಆಮೇಲೆ ಮಣ್ಣುನೀರು ಉಗುಳಿ, ಕಡೆಗೆ ತಿಳಿನೀರು ಕೊಟ್ಟವು.

ಗುಂಡಿಯಲ್ಲಿ ಮಾತ್ರ ಏನೂ ಏಳಲಿಲ್ಲ. ಹದಿನೈದು ದಿನವಾಯಿತು, ತಿಂಗಳಾಯಿತು. ಅವೆಲ್ಲ ಸತ್ತಿರಬೇಕು, ಅಪ್ಪನಿಗೆ ತಿಳಿಸಿಬಿಡಿ ಎಂದು ಡಾ. ಶೇಟ್ ಹೇಳಿದರು. ಸಿಂಚನ ಹೇಳಲೆಂದೇ ಹೋದಳು. ಅವನು ತಾಡಪಾಲಿನ ನೆರಳಲ್ಲಿ ಕೂತು ಬೆಲ್ಲ ಪುಡಿ ಮಾಡುತ್ತಿದ್ದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಮೊದಲು ಹೋದೋರು ಸುಮ್ನೆ ಹೋಗಿರಲ್ಲ ಕಣವ್ವ," ಎಂದ. "ಸ್ವಲ್ಪನಾದ್ರೂ ಹೊತ್ತಿರ್ತಾರೆ. ಹಿಂದೆ ಬರೋರಿಗೆ ಅಷ್ಟು ಹಗುರ. ನಾಳೆ ಇನ್ನೆಲ್ಡು ಕ್ಯಾನ್ ತರೋಣ."

ಅದು ವಿಜ್ಞಾನವೂ ಹೌದೆಂದು ಅವಳಿಗೆ ಆ ಕ್ಷಣ ಹೊಳೆಯಿತು. ಸಾಯುವ ಮುನ್ನ ಮೊದಲ ತಂಡ ಒಂದಿಷ್ಟು ಲೋಹವನ್ನು ಹಸಿರಾಗಿಸಿರುತ್ತದೆ, ಬದುಕಿ ಉಳಿದ ಕೆಲವು ಇನ್ನೂ ಗಟ್ಟಿಯಾಗಿರುತ್ತವೆ. ಅವಳೂ ಗವಸು ತೊಟ್ಟಳು. ಎರಡು ಕ್ಯಾನು, ಮತ್ತೆರಡು, ಮತ್ತೆ ನಾಲ್ಕು. ನಲ್ಲಿ ಬಂದಮೇಲೆ ಟ್ಯಾಂಕರಿನ ಸಾಲಿಲ್ಲದೆ ಕೈ ಖಾಲಿಯಾಗಿದ್ದ ಹೆಂಗಸರಲ್ಲಿ ಕೆಲವರು ಬಂದು ಕ್ಯಾನಿಗೆ ಕೈಹಾಕಿದರು. ಶಾಹಿನ್‌ತಾಜ್ ಸುಣ್ಣ ಕಲಸುವ ಕೋಲು ಹಿಡಿದಳು.

ಎರಡೂವರೆ ತಿಂಗಳಾದಮೇಲೆ ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಕರಕರ ಸದ್ದು ಬಂತು. ತಂತಿ ಸಡಿಲವಾಗಿದೆ ಎಂದುಕೊಂಡು ಮೂಡಲಗಿರಿಯಪ್ಪ ಮಗಳಿಗೆ ಫೋನು ಮಾಡಿದ. ಅವಳು ಬಂದು ತಂತಿ ನೋಡಿದಳು. ತಂತಿ ಬಿಗಿಯಾಗಿಯೇ ಇತ್ತು. ಪೆಟ್ಟಿಗೆಯನ್ನು ಕಿವಿಗೆ ಹಿಡಿದಳು. ಕೆರೆಯ ಸ್ವರದ ನುಣುಪು ಇದಕ್ಕಿರಲಿಲ್ಲ. ಒರಟಾದ, ತಡೆತಡೆದು ಬರುವ, ಭಾರ ಹೊತ್ತವರು ಏರು ಹತ್ತುವಾಗಿನ ಏದುಸಿರಿನಂಥ ಸದ್ದು. ಅವಳ ಕಣ್ಣು ತುಂಬಿಬಂತು.

"ಇದು ನಮ್ಕೆರೇದಲ್ಲ," ಎಂದ ಅವನು.

"ಅಲ್ಲ ಅಪ್ಪ. ಇದು ಇಲ್ಲೇ ಹುಟ್ಟಿದ್ದು."

ಅವನು ಪೆಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದು ಬಹಳ ಹೊತ್ತು ಕೇಳಿದ. ಮೋಡದ ನೆರಳೊಂದು ಗುಂಡಿಯ ಹಳದಿ ನೀರನ್ನು ದಾಟಿಹೋಯಿತು. ಇಷ್ಟೂ ಮುಗಿಯಲು ಎಷ್ಟು ವರ್ಷ ಬೇಕಾದೀತು ಎಂದು ಕೇಳಿದ. ಸಿಂಚನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಣ್ಣಿನಾಳ, ನೀರಿನ ಹರಿವು, ಲೋಹದ ತೂಕ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅರವತ್ತು ವರ್ಷ," ಎಂದಳು.

ಮೂಡಲಗಿರಿಯಪ್ಪ ಗುಂಡಿಯ ಕಡೆ ನೋಡಿ, ಹೆಂಡತಿ ತೀರಿದಮೇಲೆ ಮಗಳು ಅವನಲ್ಲಿ ಕಂಡಿರದ ನಗೆಯೊಂದನ್ನು ನಕ್ಕ.

"ಹಂಗಾದ್ರೆ ಕೆಲ್ಸ ಕಾಯಂ," ಎಂದ.

ಗವಸು ತೊಟ್ಟು, ಬೆಲ್ಲದ ಪಾತ್ರೆ ಎತ್ತಿಕೊಂಡು ಗುಂಡಿಯ ಅಂಚಿಗೆ ಇಳಿದ.